ಆಳುವವರ ಆಜ್ಞೆ, ಅಂತಃಸಾಕ್ಷಿಯ ಎಲ್ಲೆ

ಹುಣಸೂರಿನ ಒಬ್ಬರು ತಮ್ಮಿಷ್ಟದಿಂದಲೇ ಕ್ರೈಸ್ತ ದೀಕ್ಷಾಸ್ನಾನ ಪಡೆಯಲು ಮನಸ್ಸು ಮಾಡಿದ್ದಾರೆ ಎಂದುಕೊಳ್ಳಿ. 2022ರಲ್ಲಿ ಬಂದ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಅವರಿಗೆ ವಿಧಿಸಿದ ಕ್ರಮ ಹೀಗಿತ್ತು: 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ನಿಗದಿತ ನಮೂನೆಯಲ್ಲಿ ತಿಳಿಸಬೇಕು. ದೀಕ್ಷೆ ಕೊಡುವ ಪಾದ್ರಿಯೂ ಪ್ರತ್ಯೇಕವಾಗಿ ತಿಳಿಸಬೇಕು. ಆ ವಿವರ ಜಿಲ್ಲಾಧಿಕಾರಿ ಕಚೇರಿಯಲ್ಲೂ ತಹಶೀಲ್ದಾರ್ ಕಚೇರಿಯಲ್ಲೂ ನೋಟಿಸ್ ಬೋರ್ಡಿಗೆ ಏರುತ್ತದೆ. ಯಾರಾದರೂ ಆಕ್ಷೇಪಿಸಿದರೆ ವಿಚಾರಣೆ.

ಬಲವಂತ, ಆಮಿಷ, ವಂಚನೆಯ ಮತಾಂತರ ತಡೆಯಲು ಇದು ಬೇಕು ಎಂದಿತು ಅಂದಿನ ಸರ್ಕಾರ. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾಡೊ ಸೇರಿದಂತೆ ಕ್ರೈಸ್ತ ಮುಖಂಡರು ಬಹಿರಂಗವಾಗಿ ವಿರೋಧಿಸಿದರು. 2023ರ ಜೂನ್ 15ರಂದು ಮುಂದಿನ ಸರ್ಕಾರದ ಸಂಪುಟ ಕಾಯ್ದೆಯನ್ನು ರದ್ದುಪಡಿಸಲು ತೀರ್ಮಾನಿಸಿತು. ಆದರೆ ಕಾಯ್ದೆ ಎತ್ತಿದ ಪ್ರಶ್ನೆ ಹಳೆಯದು: ತನ್ನ ನಂಬಿಕೆಗೆ ಅಡ್ಡಬರುವ ಆಜ್ಞೆಯನ್ನು ಕ್ರೈಸ್ತ ಎಲ್ಲಿಯವರೆಗೆ ಪಾಲಿಸಬೇಕು?

ಪೌಲ ಬರೆದದ್ದು, ಪೌಲ ಮಾಡಿದ್ದು

ವಿಧೇಯತೆಯ ಮಾತು ಬಂದಾಗ ಮೊದಲು ತೆರೆಯುವುದು ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯ. ಆಳುವವರಿಗೆ ತಗ್ಗಿ ನಡೆಯಿರಿ, ಕಂದಾಯ ಕೊಡಿ ಎನ್ನುವ ಪೌಲ ಅದಕ್ಕೆ ದಂಡನೆಯ ಭಯವೊಂದನ್ನೇ ಕಾರಣ ಮಾಡುವುದಿಲ್ಲ, ಮನಸ್ಸಾಕ್ಷಿಯನ್ನೂ ಸೇರಿಸುತ್ತಾನೆ. ಪಾಲನೆಯೂ ಮನಸ್ಸಾಕ್ಷಿಯಿಂದಲೇ ಹುಟ್ಟಬೇಕಾದರೆ, ಅದನ್ನು ಹೊಸಕಿಹಾಕುವ ಆಜ್ಞೆಗೆ ಆ ಅಧ್ಯಾಯದ ಬೆಂಬಲ ಸಿಗದು. ಬೋಧಿಸಬೇಡಿ ಎಂದು ಯೆರೂಸಲೇಮಿನ ಹಿರೀಸಭೆ ತಡೆದಾಗ ಪೇತ್ರನೂ ಸಂಗಡಿಗರೂ ಒಪ್ಪಲಿಲ್ಲ. ಏಟು ತಿಂದರು, ಬೋಧನೆ ಬಿಡಲಿಲ್ಲ.

ಪೌಲನ ನಡೆಯಂತೂ ಇನ್ನೂ ಸ್ಪಷ್ಟ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡಲು ನೋಡಿದಾಗ, ಅವರೇ ಬಂದು ಕರೆದೊಯ್ಯಲಿ ಎಂದು ಪಟ್ಟುಹಿಡಿದ. ಮುಂದೆ ರೋಮನ್ ಅಧಿಪತಿ ಫೆಸ್ತನ ಎದುರು ತನ್ನ ರೋಮನ್ ಪೌರತ್ವದ ಬಲದಿಂದ ಕೈಸರನಿಗೇ ಮೇಲ್ಮನವಿ ಹಾಕಿದ. ಅಧಿಕಾರಿಯ ತಪ್ಪನ್ನು ಕಾನೂನಿನಿಂದಲೇ ಪ್ರಶ್ನಿಸುವುದು ಅವನಿಗೆ ಅವಿಧೇಯತೆಯಾಗಿರಲಿಲ್ಲ.

ನಮ್ಮ ಕೋರ್ಟುಗಳ ದಾರಿ

ಸಂವಿಧಾನದ 25ನೆಯ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯದಿಂದಲೇ ಆರಂಭವಾಗುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಅದಕ್ಕಿರುವ ಮಿತಿಗಳು. 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅದೇ ವಿಧಿ ಕೊಡುವ ಧರ್ಮಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. 1985ರಲ್ಲಿ ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಗಡದ ಮೂವರು ಮಕ್ಕಳನ್ನು ರಾಷ್ಟ್ರಗೀತೆ ಹಾಡದ್ದಕ್ಕೆ ಶಾಲೆಯಿಂದ ಹೊರಹಾಕಲಾಯಿತು. ಹಾಡದಿದ್ದರೂ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಮರುವರ್ಷ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ಮತಾಂತರಕ್ಕೆ 30 ದಿನ ಮುಂಚೆ ತಿಳಿಸಬೇಕೆಂಬ ಹಿಮಾಚಲ ಪ್ರದೇಶದ ನಿಯಮವನ್ನು 2012ರಲ್ಲಿ ಅಲ್ಲಿನ ಹೈಕೋರ್ಟ್ ಖಾಸಗಿತನದ ನೆಲೆಯಲ್ಲಿ ತಳ್ಳಿಹಾಕಿತು.

ಹಾಗಾದರೆ ನಮೂನೆ ಹಿಡಿದ ಪಾದ್ರಿ ಏನು ಮಾಡಬೇಕು? ತುಂಬಿಕೊಟ್ಟವರನ್ನು ಹೇಡಿ ಎನ್ನಲಾಗದು. ನಮೂನೆ ಅವರಿಂದ ನಂಬಿಕೆ ಬಿಡಿಸುತ್ತಿಲ್ಲ. ಆದರೆ ಬೋರ್ಡಿಗೇರುವುದು ಅವರ ಹೆಸರಷ್ಟೇ ಅಲ್ಲ, ದೀಕ್ಷೆ ಪಡೆಯುವವರದೂ ಹೌದು. ಆ ಹೆಸರಿನಿಂದ ಅವರಿಗೆ ಊರಲ್ಲಿ ತೊಂದರೆಯಾಗುವಂತಿದ್ದರೆ, ಅವರ ಸುರಕ್ಷೆಯೂ ಪಾದ್ರಿಯ ಮನಸ್ಸಾಕ್ಷಿಯ ಲೆಕ್ಕಕ್ಕೆ ಸೇರಬೇಕು. ಒಪ್ಪಲಾಗದವರು ತಮ್ಮ ಹೆಸರಿನಲ್ಲೇ, ಬಹಿರಂಗವಾಗಿ ಹಾಗೆ ಹೇಳಿ, ಹೈಕೋರ್ಟಿನಲ್ಲಿ ನಿಯಮವನ್ನೇ ಪ್ರಶ್ನಿಸಬಹುದು. ಪೌಲ ಕೈಸರನ ಬಳಿ ಹೋದದ್ದೂ ಅದೇ ದಾರಿಯಲ್ಲಿ.