ಅಂಕಿ ಬರೆದರೆ ಸಂಖ್ಯೆಯಾದೀತೆ?

ಕಾಗದದ ಮೇಲೆ ‘572’ ಎಂದು ಬರೆದಿದ್ದನ್ನು ಕಂಡೊಡನೆ ನಮ್ಮ ಮನಸ್ಸಿನಲ್ಲಿ ಐನೂರ ಎಪ್ಪತ್ತೆರಡು ಎಂಬ ಮೊತ್ತ ಮೂಡುತ್ತದೆ. ಕಂಪ್ಯೂಟರಿಗೆ ಹಾಗಲ್ಲ. ಕೀಲಿಮಣೆಯಲ್ಲಿ ಒತ್ತಿದ 5, 7, 2 ಅದಕ್ಕೆ ಅ, ಆ, ಇ ಇದ್ದಂತೆ ಮೂರು ಚಿಹ್ನೆಗಳಷ್ಟೆ. ‘12’ಕ್ಕೆ ‘3’ ಕೂಡಿಸು ಎಂದರೆ ಹಲವು ಕಂಪ್ಯೂಟರ್ ಭಾಷೆಗಳು 15 ಎನ್ನುವ ಬದಲು ಎರಡನ್ನೂ ಪಕ್ಕಪಕ್ಕ ಇಟ್ಟು ‘123’ ಎಂದುಬಿಡುತ್ತವೆ. ಅಕ್ಷರಗಳ ಸಾಲನ್ನು ಸಂಖ್ಯೆಯಾಗಿ ಓದುವ ನಿಯಮವನ್ನು ಅದಕ್ಕೆ ಹೇಳಿಕೊಡಬೇಕು.

ಇಂಥ ನಿಯಮದ ಅಗತ್ಯ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಐಹೊಳೆಯ ಮೇಗುತಿ ಬಸದಿಯ ಶಾಸನದಲ್ಲಿ ಇಮ್ಮಡಿ ಪುಲಿಕೇಶಿಯ ಕಾಲದ ಕವಿ ರವಿಕೀರ್ತಿ ವರ್ಷವನ್ನು ಪದ್ಯದಲ್ಲಿ ಹೇಳಿದ್ದಾನೆ. ಛಂದಸ್ಸಿಗೆ ಹೊಂದುವಂತೆ ಐವತ್ತು ಮೊದಲು, ಆಮೇಲೆ ಆರು, ಕೊನೆಗೆ ಐನೂರು ಬರುತ್ತವೆ. ಕೂಡಿಸಿದರೆ ಶಕ 556, ಅಂದರೆ ಕ್ರಿ.ಶ. 634–35. ಇಲ್ಲಿನ ನಿಯಮ ಸಂಕಲನ.

ಕಟಪಯಾದಿ ಪದ್ಧತಿಯ ನಿಯಮ ಬೇರೆ. ಅದರಲ್ಲಿ ಕ, ಟ, ಪ, ಯ ನಾಲ್ಕಕ್ಕೂ ಬೆಲೆ 1. ಅಲ್ಲಿಂದ ಮುಂದಿನ ವ್ಯಂಜನಗಳಿಗೆ 2, 3 ಎಂದು ಏರಿಕೆ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರುಗಳಲ್ಲಿ ಇದು ಇಂದಿಗೂ ಜೀವಂತವಾಗಿದೆ. ಮೇಚಕಲ್ಯಾಣಿಯಲ್ಲಿ ‘ಮ’ 5, ‘ಚ’ 6. ತಿರುಗಿಸಿದರೆ 65, ಅದೇ ಆ ರಾಗದ ಕ್ರಮಸಂಖ್ಯೆ. ಕಲ್ಯಾಣಿಗೆ ‘ಮೇಚ’ವೂ ಶಂಕರಾಭರಣಕ್ಕೆ ‘ಧೀರ’ವೂ ಅಂಟಿಕೊಂಡದ್ದು ಈ ಲೆಕ್ಕಕ್ಕಾಗಿಯೇ.

ಕಂಪ್ಯೂಟರಿನ ವಿಧಾನ ಇದಕ್ಕಿಂತ ಸರಳ. ಅದರೊಳಗೆ ಪ್ರತಿ ಚಿಹ್ನೆಗೂ ಒಂದು ಸಂಕೇತವಿದೆ. ‘0’ಗೆ 48, ‘5’ಕ್ಕೆ 53. ಐವತ್ತಮೂರರಲ್ಲಿ ನಲವತ್ತೆಂಟು ಕಳೆದರೆ ನಿಜವಾದ 5 ಸಿಗುತ್ತದೆ. ಆಮೇಲೆ ಸಿಕ್ಕಿದ್ದನ್ನು ಹತ್ತರಿಂದ ಗುಣಿಸಿ ಮುಂದಿನ ಅಂಕಿಯನ್ನು ಕೂಡಿಸುತ್ತ ಹೋಗಬೇಕು: 5, 57, 572. ಯೂನಿಕೋಡ್‌ನಲ್ಲಿ ಕನ್ನಡದ ‘೦’ಗೆ 3302 ಎಂಬ ಸಂಕೇತ, ‘೫’ಕ್ಕೆ 3307. ಲೆಕ್ಕ ಅದೇ, ಕಳೆಯಬೇಕಾದದ್ದು ಬೇರೆ. ಪೈಥಾನ್ ಭಾಷೆ ಇದನ್ನು ಬಲ್ಲದು. ‘೫೭೨’ನ್ನು ಸಂಖ್ಯೆಯೆಂದು ಒಪ್ಪುತ್ತದೆ. ಜಾವಾಸ್ಕ್ರಿಪ್ಟ್ ಮಾತ್ರ ‘ಇದು ಸಂಖ್ಯೆಯಲ್ಲ’ ಎಂದು ಹಿಂದಕ್ಕೆ ಕಳಿಸುತ್ತದೆ.

ಇದು ಪಂಡಿತರ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. 2000ದ ಸುಮಾರಿಗೆ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ತುಮಕೂರು ತಾಲ್ಲೂಕಿನ ಹೆಬ್ಬೂರು ಹೋಬಳಿಯ ಒಂದು ಪಹಣಿಯಲ್ಲಿ ‘2.20’ ಎಂದೂ ಇನ್ನೊಂದರಲ್ಲಿ ‘1.30’ ಎಂದೂ ವಿಸ್ತೀರ್ಣ ಇದೆಯೆನ್ನಿ. ಹಾಗೆಯೇ ಕೂಡಿಸಿದರೆ 3.50, ಮೂರೂವರೆ ಎಕರೆ. ಆದರೆ ಆ ಚುಕ್ಕೆ ದಶಮಾಂಶದ್ದಲ್ಲ. ಅದರ ಬಲಗಡೆ ಇರುವುದು ಗುಂಟೆ, ಎಕರೆಗೆ ನಲವತ್ತು. ಎರಡೆಕರೆ ಇಪ್ಪತ್ತು ಗುಂಟೆಗೆ ಒಂದೆಕರೆ ಮೂವತ್ತು ಗುಂಟೆ ಸೇರಿದರೆ ನಾಲ್ಕೆಕರೆ ಹತ್ತು ಗುಂಟೆ. ಚುಕ್ಕೆಯನ್ನು ತಪ್ಪಾಗಿ ಓದಿದ ಯಂತ್ರ ಮೂವತ್ತು ಗುಂಟೆ, ಎಂದರೆ ಮುಕ್ಕಾಲು ಎಕರೆ ಜಮೀನನ್ನು ನುಂಗಿರುತ್ತದೆ. ಎಕರೆ, ಗುಂಟೆಗಳನ್ನು ಬೇರೆ ಮಾಡಿ, ಎಲ್ಲವನ್ನೂ ಗುಂಟೆಗೆ ಇಳಿಸಿ, ಕೂಡಿಸಿ, ಮತ್ತೆ ಎಕರೆಗೆ ಏರಿಸುವುದೇ ಸರಿಯಾದ ದಾರಿ.

ಇನ್ನು ಕೆಲವನ್ನು ಸಂಖ್ಯೆಯಾಗಿಸಲೇಬಾರದು. ಸರ್ವೆ ನಂಬರ್ 45/2 ಎಂಬಲ್ಲಿನ ಗೆರೆ ಹಿಸ್ಸಾವನ್ನು ತೋರಿಸುತ್ತದೆ. ಭಾಗಿಸಿ ಇಪ್ಪತ್ತೆರಡೂವರೆ ಎಂದರೆ ಅಂಥ ಜಮೀನು ಎಲ್ಲಿಯೂ ಇಲ್ಲ. ತುಮಕೂರಿನ ದೂರವಾಣಿ ಸಂಕೇತ 0816 ಸಂಖ್ಯೆಯಾದೊಡನೆ ಮುಂದಿನ ಸೊನ್ನೆ ಬಿದ್ದು 816 ಆಗುತ್ತದೆ, ಕರೆ ತಲುಪುವುದಿಲ್ಲ. ಯಾವುದು ಮೊತ್ತ, ಯಾವುದು ಬರಿಯ ಗುರುತು ಎಂಬ ವಿವೇಕ ಯಂತ್ರಕ್ಕೆ ತಾನಾಗಿ ಬರುವುದಿಲ್ಲ. ಪ್ರೋಗ್ರಾಂ ಬರೆಯುವವರು ಪಹಣಿಯನ್ನು ಓದಬಲ್ಲವರನ್ನು ಮೊದಲು ಕೇಳಿ ತಿಳಿದುಕೊಳ್ಳಬೇಕು.