ಕಿರುತೆರೆಯ ಮನೆಯುಡುಗೆ ಮತ್ತು ಸಿಂಧನೂರು ಸೀಮೆಯ ದಿನಬಳಕೆಯ ಉಡುಪು

ಜನಪದರ ಉಡುಗೆ ತೊಡುಗೆಗಳನ್ನು ಕುರಿತ ಬರವಣಿಗೆಯಲ್ಲಿ ಹಬ್ಬ, ಮದುವೆ, ಜಾತ್ರೆಗಳ ಉಡುಪಿಗೂ ರಂಗಕಲೆಗಳ ವೇಷಕ್ಕೂ ದೊರೆತ ಸ್ಥಾನ ದಿನಬಳಕೆಯ ಬಟ್ಟೆಗೆ ದೊರೆತಿಲ್ಲ. ಎಲ್ಲರ ಕಣ್ಣಿಗೂ ಬೀಳುವುದರಿಂದಲೇ ಅದು ಯಾರ ದಾಖಲೆಗೂ ಬೀಳದೆ ಉಳಿದಿದೆ. ಈ ಕೊರತೆಯನ್ನು ನೀಗಿಸಿಕೊಳ್ಳಲು ಚಲನಚಿತ್ರ ಹಾಗೂ ದೂರದರ್ಶನದ ಹಳೆಯ ದೃಶ್ಯಗಳನ್ನು ಆಕರಗಳೆಂದು ಆಶ್ರಯಿಸುವುದು ಸಹಜ. ಆದರೆ ಕಿರುತೆರೆಯ ಮನೆಯಲ್ಲಿ ಕಾಣುವ ಉಡುಗೆ ನಿಜವಾಗಿಯೂ ಮನೆಯ ಉಡುಗೆಯೇ? ಸಿಂಧನೂರು ತಾಲ್ಲೂಕಿನ ಜವಳಗೇರಾ ಪರಿಸರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆಗೆ ಅಮೆರಿಕದ ಕೌಟುಂಬಿಕ ಹಾಸ್ಯ ಧಾರಾವಾಹಿಗಳು ಒಳ್ಳೆಯ ನಿದರ್ಶನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಬಟ್ಟೆಯ ಬಳಕೆಗೆ ಸರ್ಕಾರದ ಮಿತಿಯಿತ್ತು. 1947ರಲ್ಲಿ ಪ್ಯಾರಿಸಿನ ಕ್ರಿಸ್ಟಿಯನ್ ಡಿಯೋರ್ ರೂಪಿಸಿದ ಬಿಗಿ ನಡುವಿನ, ಹೇರಳ ನೆರಿಗೆಯ ಉದ್ದ ಲಂಗ ಆ ಅಭಾವಕ್ಕೆ ವಿರುದ್ಧವಾದ ಸಮೃದ್ಧಿಯ ಚಿಹ್ನೆಯಾಯಿತು. 1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’, 1957ರಲ್ಲಿ ಆರಂಭವಾದ ‘ಲೀವ್ ಇಟ್ ಟು ಬೀವರ್’ ಮೊದಲಾದವು ಇದೇ ಆಕೃತಿಯನ್ನು ಗೃಹಿಣಿಯ ನಿತ್ಯದ ಉಡುಪಾಗಿ ತೋರಿಸಿದವು. ‘ಬೀವರ್’ನ ತಾಯಿ ಮುತ್ತಿನ ಸರ ಧರಿಸಿ, ಎತ್ತರದ ಹಿಮ್ಮಡಿಯ ಪಾದರಕ್ಷೆ ಮೆಟ್ಟಿ ಮನೆಗೆಲಸ ಮಾಡುತ್ತಾಳೆ. ಇದಕ್ಕೆ ಆ ಪಾತ್ರದ ನಟಿ ಬಾರ್ಬರಾ ಬಿಲಿಂಗ್ಸ್‌ಲಿ ನೀಡಿದ ವಿವರಣೆ ಗಮನಾರ್ಹ: ಸರವು ಕೊರಳಿನ ಕುಳಿಯನ್ನು ಕ್ಯಾಮೆರಾದಿಂದ ಮರೆಮಾಡಲು, ಪಾದರಕ್ಷೆಯು ಬೆಳೆಯುತ್ತಿದ್ದ ಬಾಲನಟರಿಗಿಂತ ತಾಯಿ ಎತ್ತರವಾಗಿ ಕಾಣಲು. 1961ರಲ್ಲಿ ಆರಂಭವಾದ ‘ದಿ ಡಿಕ್ ವ್ಯಾನ್ ಡೈಕ್ ಷೋ’ದಲ್ಲಿ ಮೇರಿ ಟೈಲರ್ ಮೂರ್ ಅವರು, ಗೃಹಿಣಿಯರು ಮನೆಯಲ್ಲಿ ತೊಡುವುದು ಷರಾಯಿಯನ್ನೇ ಎಂದು ಪಟ್ಟುಹಿಡಿದು ತೊಟ್ಟಾಗ ಪ್ರಾಯೋಜಕರ ಕಡೆಯಿಂದ ಆಕ್ಷೇಪ ಬಂದಿತು. ನಿಜವಾದ ದಿನಬಳಕೆಯ ಉಡುಪು ತೆರೆಗೆ ಬಂದಾಗಲೇ ಅದು ವಿವಾದದ ವಸ್ತುವಾಯಿತು ಎಂಬುದು ಇಲ್ಲಿನ ಮುಖ್ಯ ಸಂಗತಿ.

ರಾಯಚೂರು ಸೀಮೆಗೂ ದೂರದರ್ಶನಕ್ಕೂ ಇರುವ ನಂಟು ರಾಜಧಾನಿಯ ನಂಟಿಗಿಂತ ಹಳೆಯದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ ‘ಸೈಟ್’ ಪ್ರಯೋಗಕ್ಕೆ ಕರ್ನಾಟಕದಿಂದ ರಾಯಚೂರು, ಗುಲ್ಬರ್ಗಾ ಹಾಗೂ ಬಿಜಾಪುರ ಜಿಲ್ಲೆಗಳು ಆಯ್ಕೆಯಾಗಿದ್ದವು. ಬೆಂಗಳೂರು ದೂರದರ್ಶನ ಕೇಂದ್ರ ಕಾರ್ಯಾರಂಭ ಮಾಡಿದ್ದು 1981ರಲ್ಲಿ. ಅಂದರೆ ಈ ಭಾಗದ ಕೆಲವು ಹಳ್ಳಿಗರು ಬೆಂಗಳೂರಿನವರಿಗಿಂತ ಮೊದಲೇ ಸಾಮೂಹಿಕ ಪೆಟ್ಟಿಗೆಯ ಮುಂದೆ ಕುಳಿತು ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನು ನೋಡಿದವರು. ಆದರೆ ಆ ಪರದೆ ಕಪ್ಪು-ಬಿಳುಪಿನದು. ಇಳಕಲ್ ಸೀರೆಯ ಗುರುತೇ ಕೆಂಪು ಸೆರಗು. ಕಪ್ಪು-ಬಿಳುಪಿನ ತೆರೆಯ ಮೇಲೆ ಅದು ಬೂದು ಬಣ್ಣವಾಗದೆ ಗತ್ಯಂತರವಿಲ್ಲ. ಲೂಸಿ ಪಾತ್ರದ ಲೂಸಿಲ್ ಬಾಲ್ ಅವರ ಹೆಸರಾಂತ ಕೆಂಗೂದಲೂ ಹೀಗೆಯೇ ಬಣ್ಣ ಕಳೆದುಕೊಂಡಿತ್ತು. ಆಕರವಾಗಿ ಕಿರುತೆರೆಗೆ ಇರುವ ಮೊದಲ ಮಿತಿ ಇದು.

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕೊಂಡಿಯಂತೆ ಒಂದರೊಳಗೊಂದು ಸಿಕ್ಕಿಸಿ ಜೋಡಿಸಲಾಗುತ್ತದೆ. ಆದ್ದರಿಂದ ಒಂದೊಂದು ಸೀರೆಗೂ ಪ್ರತ್ಯೇಕವಾಗಿ ಹಾಸು ಸಿದ್ಧಪಡಿಸಬೇಕು. ಸೆರಗಿನ ‘ತೋಪ್ ತೆನಿ’ ವಿನ್ಯಾಸದಲ್ಲಿ ಜೋಳದ ತೆನೆಯ ನೆನಪಿದೆ. ಗುಳೇದಗುಡ್ಡದ ಖಣದ ಕುಪ್ಪಸ ಇದರ ಜೊತೆಗಾರ. ಕಚ್ಚೆ ಹಾಕಿ ಉಡುವ ಉದ್ದದ ಸೀರೆ ಬಾಗುವ, ಕೂರುವ, ಹೊರೆ ಹೊರುವ ದುಡಿಮೆಗೆ ಒಗ್ಗಿದ ಉಡುಪು. ಒಣಬೇಸಾಯದ ಜೋಳದ ಹೊಲದ ಬದುಕು ಈ ಉಡುಗೆಯ ನೆಲೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ನೆಲೆಯನ್ನೇ ಬದಲಿಸಿತು. ಸಿಂಧನೂರು ಸೀಮೆ ಭತ್ತದ ನಾಡಾಯಿತು; ಆಂಧ್ರದ ಕರಾವಳಿಯಿಂದ ಬಂದ ರೈತರ ಕ್ಯಾಂಪುಗಳು ಎದ್ದವು; ಬಂಗಾಳಿ ನಿರಾಶ್ರಿತರಿಗೆ ಆರ್.ಎಚ್. ಕ್ಯಾಂಪುಗಳು ನಿರ್ಮಾಣವಾದವು. ಕಚ್ಚೆ ಸೀರೆ, ನೆರಿಗೆ ಸೀರೆ, ಶಂಖದ ಬಳೆ ತೊಟ್ಟ ಕೈ, ಲಂಬಾಣಿ ತಾಂಡಾದ ಕನ್ನಡಿ ಕಸೂತಿ ಒಂದೇ ಸಂತೆಯಲ್ಲಿ ಎದುರಾಗುವಂತಾಯಿತು. ಗಿರಣಿಯ ಮತ್ತು ಕೃತಕ ನೂಲಿನ ಬಟ್ಟೆ ಅಗ್ಗವಾಗಿ, ಬೇಗ ಒಣಗುವಂತಾಗಿ ಬಂದಿತು. ಉದ್ದದ ಸೀರೆ ಹಿಂದೆ ಸರಿದುದಕ್ಕೆ ದೂರದರ್ಶನವೊಂದನ್ನೇ ಹೊಣೆ ಮಾಡುವ ವಾಡಿಕೆಯ ತೀರ್ಮಾನ ಈ ಆರ್ಥಿಕ ಕಾರಣಗಳನ್ನು ಮರೆಸುತ್ತದೆ.

ಇನ್ನೂ ಮಹತ್ವದ ಸಂಗತಿಯೆಂದರೆ, ಇಂದಿನ ದಿನಬಳಕೆಯ ಎರಡು ಉಡುಪುಗಳು ತೆರೆಯಿಂದ ಬಂದವಲ್ಲ. ಒಂದು, ನಾಟಿ ಮತ್ತು ಕಳೆ ಕೀಳುವ ಹೆಂಗಸರು ಸೀರೆಯ ಮೇಲೆ ತೊಡುವ ಗಂಡಸರ ತುಂಬುತೋಳಿನ ಹಳೆಯ ಅಂಗಿ. ಬಿಸಿಲು, ಕೆಸರು, ಗರಿಯ ಗೀರುಗಳಿಂದ ಅದು ಮೈಯನ್ನು ಕಾಯುತ್ತದೆ. ಇನ್ನೊಂದು, ನೈಟಿ. ಹೆಸರಿನಲ್ಲಿ ರಾತ್ರಿಯಿದ್ದರೂ ಅದು ಹಗಲಿನ ಉಡುಪು. ಬಾಗಿಲಿಗೆ ಯಾರಾದರೂ ಬಂದಾಗ ಹೆಗಲ ಮೇಲೊಂದು ಟವೆಲ್ ಬಿದ್ದರೆ ಅದಕ್ಕೆ ಮರ್ಯಾದೆಯ ಮುದ್ರೆ ದೊರೆಯುತ್ತದೆ. ಸೆರಗಿನ ಕೆಲಸವನ್ನು ಟವೆಲ್ ವಹಿಸಿಕೊಂಡ ಈ ಪಲ್ಲಟ ಜಾನಪದ ಅಧ್ಯಯನಕ್ಕೆ ಅರ್ಹವಾದ ವಸ್ತು. 2000ದ ಡಿಸೆಂಬರಿನಲ್ಲಿ ಆರಂಭವಾದ ಈಟಿವಿ ಕನ್ನಡದ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳಂತಹ ಜನಪ್ರಿಯ ಹಾಸ್ಯ ಧಾರಾವಾಹಿಗಳ ಲೋಕ ನಗರದ ಮಧ್ಯಮವರ್ಗದ ಮನೆ. ಗದ್ದೆಯ ಅಂಗಿಗೆ ಅಲ್ಲಿ ಎಡೆಯಿಲ್ಲ. ಮುಂದೆ ಬಂದ ಕೌಟುಂಬಿಕ ಧಾರಾವಾಹಿಗಳಲ್ಲಿ ಅಡುಗೆಮನೆಯಲ್ಲೂ ರೇಷ್ಮೆ, ಒಡವೆ. ಮುತ್ತಿನ ಸರದ ಅಮೆರಿಕದ ತಾಯಿಯ ಸಂಪ್ರದಾಯವೇ ಇಲ್ಲಿಯೂ ಮುಂದುವರಿದಿದೆ.

ಹಾಗೆಂದು ಕಿರುತೆರೆಯ ದೃಶ್ಯಗಳು ನಿರುಪಯುಕ್ತವಲ್ಲ. ಜನ ಏನನ್ನು ಉಟ್ಟರು ಎಂಬುದಕ್ಕಿಂತ, ಏನನ್ನು ಉಡಬೇಕೆಂದು ಆ ಕಾಲ ಬಯಸಿತು ಎಂಬುದಕ್ಕೆ ಅವು ಸಾಕ್ಷಿ. ಉಟ್ಟದ್ದರ ಸಾಕ್ಷಿಯನ್ನು ಬೇರೆಡೆ ಹುಡುಕಬೇಕು. ಮದುವೆಯ ಸೀರೆ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ದಿನದ ಸೀರೆ ಸವೆದು, ಹರಿದು, ಕೊನೆಗೆ ಕೌದಿಯಾಗುತ್ತದೆ. ಒಂದು ಕೌದಿಯಲ್ಲಿ ಅಜ್ಜಿಯ ಸೀರೆ, ಅಜ್ಜನ ಧೋತರ, ಮಕ್ಕಳ ಶಾಲೆಯ ಅಂಗಿ ಪದರಪದರವಾಗಿ ಹೊಲಿಗೆಗೊಂಡಿರುತ್ತವೆ. ವಸ್ತುಸಂಗ್ರಹಾಲಯಗಳು ಕೌದಿಯನ್ನು ಹೊಲಿಗೆಯ ಚೆಲುವಿಗಾಗಿ ಮಾತ್ರ ಸಂಗ್ರಹಿಸದೆ, ಯಾವ ತುಂಡು ಯಾರದು, ಯಾವಾಗ ಕೊಂಡದ್ದು, ಯಾವ ಕೆಲಸಕ್ಕೆ ಉಟ್ಟದ್ದು ಎಂಬುದನ್ನು ಹೊಲಿದವರ ಬಾಯಿಂದಲೇ ಕೇಳಿ ದಾಖಲಿಸಬೇಕಾಗಿದೆ. ಆ ನೆನಪುಳ್ಳ ಹಿರಿಯ ತಲೆಮಾರು ಇರುವಾಗಲೇ ಈ ಕಾರ್ಯ ನಡೆಯಬೇಕು. ಹೇಳುವವರು ಇಲ್ಲವಾದ ಮೇಲೆ ಕೌದಿಯ ತುಂಡುಗಳು ಬರಿಯ ಬಣ್ಣಗಳಾಗಿ ಉಳಿಯುತ್ತವೆ.