ವೈಟ್‌ಫೀಲ್ಡ್: ನೇಗಿಲಿಗಾಗಿ ಹುಟ್ಟಿದ ಊರು

ಬೆಂಗಳೂರಿನ ವೈಟ್‌ಫೀಲ್ಡ್ ಅಂದರೆ ಈಗ ಎಲ್ಲರಿಗೂ ನೆನಪಾಗುವುದು ಕಂಪ್ಯೂಟರ್ ಕಂಪನಿಗಳು. ಆ ಊರು ಹುಟ್ಟಿದ್ದು ಬೇಸಾಯಕ್ಕಾಗಿ ಅಂದರೆ ನಮ್ಮ ಪಟಮಟದ ಗೆಳೆಯರು ಅಷ್ಟು ಸುಲಭವಾಗಿ ನಂಬುವುದಿಲ್ಲ. ವಾಣಿಜ್ಯ ಓದುವ ನನಗಂತೂ ಅದರ ಕಥೆ ಒಂದು ಜಮಾ-ಖರ್ಚಿನ ಪುಸ್ತಕದಂತೆ ಕಾಣುತ್ತದೆ. ತೆರೆದು ನೋಡೋಣ.

ಬ್ರಿಟಿಷರ ಕಾಲದಲ್ಲಿ ಆಂಗ್ಲೋ-ಇಂಡಿಯನ್ನರನ್ನು ಯುರೇಷಿಯನ್ನರು ಅಂತಲೂ ಕರೆಯುತ್ತಿದ್ದರು. ಅವರಲ್ಲಿ ಬಹಳ ಮಂದಿಗೆ ರೈಲ್ವೆ, ತಂತಿ, ಸುಂಕದ ಕಚೇರಿಗಳ ನೌಕರಿಯೇ ಆಸರೆ. ಸಂಬಳ ನಿಂತಿತೋ, ಸ್ವಂತದ್ದೆನ್ನಲು ಗೇಣು ನೆಲವಿಲ್ಲ. ಇದಕ್ಕೆ ಮದರಾಸಿನ ಅವರ ಮುಖಂಡ ಡಿ. ಎಸ್. ವೈಟ್ ಕಂಡ ದಾರಿ ಒಕ್ಕಲುತನ. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಈ ಜನರ ಸಂಘಕ್ಕೆ 3,900 ಎಕರೆ ಭೂಮಿ ಕೊಟ್ಟರು. ಊರಿಗೆ ವೈಟರ ಹೆಸರೇ ಬಿತ್ತು. ದುಂಡಗೆ ಬಳಸಿದ ರಸ್ತೆಗಳು, ಅವುಗಳ ಬದಿಗೆ ತೋಟದ ಮನೆಗಳು. 1886ರಲ್ಲಿ ಒಂದು ಚರ್ಚು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಇಂದಿಗೂ ಉಳಿದಿವೆ.

ಜಮೆಯ ಕಡೆ ಇಷ್ಟಿದ್ದರೂ ಊರು ಬಹುಕಾಲ ಸಣ್ಣ ಹಳ್ಳಿಯಾಗಿಯೇ ಉಳಿಯಿತು. ಯಾಕೆ? ನೆಲ ಸಿಕ್ಕಿತು, ನೀರು ಸಿಗಲಿಲ್ಲ. ನಮ್ಮ ವಿಜಯವಾಡದಲ್ಲಿ 1855ರ ಹೊತ್ತಿಗೇ ಕೃಷ್ಣೆಗೆ ಅಣೆಕಟ್ಟು ಕಟ್ಟಿ ಕಾಲುವೆಗೆ ನೀರು ಹರಿಸಿದ್ದರು. ಅಲ್ಲಿ ನದಿಯೇ ಇಲ್ಲ. ಮಳೆ, ಕೆರೆ, ಬಾವಿಗಳೇ ಗತಿ. ಬೆಳೆ ಕೈಗೆ ಬರುವ ತನಕ ಮನೆ ನಡೆಸಲು ರೊಕ್ಕ ಬೇಕು. ತಲೆಮಾರಿನಿಂದ ಬಂದ ಕಸುಬೂ ಬೇಕು. ಕಚೇರಿಯಲ್ಲಿ ಬೆಳೆದ ಮಕ್ಕಳಿಗೆ ಕಚೇರಿಯೇ ಹತ್ತಿರ. 1947ರ ನಂತರವಂತೂ ಈ ಸಮುದಾಯದ ಎಷ್ಟೋ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಾ ಸೇರಿದವು. 1933ರಲ್ಲಿ ಇಂಥದೇ ಆಸೆಯಿಂದ ಈಗಿನ ಝಾರ್ಖಂಡದಲ್ಲಿ ಎದ್ದ ಮೆಕ್‌ಕ್ಲಸ್ಕಿಗಂಜ್ ಊರಿನ ಪಾಡೂ ಹೆಚ್ಚು ಬೇರೆಯಲ್ಲ.

1990ರ ದಶಕದ ಕೊನೆಗೆ ವೈಟ್‌ಫೀಲ್ಡಿಗೆ ತಂತ್ರಜ್ಞಾನ ಪಾರ್ಕು ಬಂತು, 2023ರಲ್ಲಿ ಮೆಟ್ರೋ ಬಂತು. ಎಕರೆಯ ಲೆಕ್ಕದಲ್ಲಿ ಕೊಟ್ಟ ನೆಲ ಚದರಡಿಯ ಲೆಕ್ಕದಲ್ಲಿ ಮಾರಾಟವಾಯಿತು. ನೇಗಿಲು ಕೊಡದ ಲಾಭವನ್ನು ಕಟ್ಟಡ ಕೊಟ್ಟಿತು. ಆದರೆ ಯಾರಿಗಾಗಿ ಊರು ಕಟ್ಟಿದರೋ ಅವರಲ್ಲಿ ಬಹಳ ಮಂದಿ ಆಗ ಅಲ್ಲಿರಲಿಲ್ಲ.

ವೈಟರ ಯೋಜನೆ ಸೋತಿತು ಅನ್ನುವುದು ಸುಲಭ. ಅವರು ಎತ್ತಿದ ಪ್ರಶ್ನೆ ಮಾತ್ರ ಸೋತಿಲ್ಲ. ತಂದೆಯ ನೌಕರಿಯ ಬೆನ್ನು ಹತ್ತಿ ಕೃಷ್ಣೆಯ ದಂಡೆಗೆ ಬಂದ ನಮ್ಮಂಥ ಕನ್ನಡದ ಮನೆಗಳೂ ಕೇಳಿಕೊಳ್ಳಬೇಕಾದದ್ದು ಅದೇ: ಸಂಬಳ ನಿಂತ ದಿನ ನಮ್ಮದು ಅನ್ನುವಂಥದ್ದು ಏನುಳಿಯುತ್ತದೆ?